ಛತ್ರದ ಡೈರಿ ಮತ್ತು ನಮ್ಮ ವೆಬ್‌ಸೈಟು

ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವ ಹುಡುಗರು ಆಗಾಗ ಹುಡುಕಿಕೊಂಡು ಬರುತ್ತಾರೆ. ಬಿಐಇಟಿಯವರು, ಯುಬಿಡಿಟಿಯವರು. ಕೊನೆಯ ವರ್ಷ, ತಲೆಯಲ್ಲೊಂದು ಐಡಿಯಾ. ಟೀ ಬರುವ ಮೊದಲೇ ಕೇಳಿಬಿಡುತ್ತಾರೆ: 'ಅಣ್ಣಾ, ಆ್ಯಪ್ ಮಾಡ್ಸೋಕೆ ಎಷ್ಟಾಗುತ್ತೆ?' ಈ ಪ್ರಶ್ನೆ ಕೇಳಿದಾಗಲೆಲ್ಲ ನನಗೆ ಒಂಥರಾ ಕಿರಿಕಿರಿ. ಹುಡುಗರ ಮೇಲಲ್ಲ. ಇಷ್ಟಾಗುತ್ತೆ ಅಂತ ಒಂದು ಮೊತ್ತ ಹೇಳಿದರೆ ಅದರಿಂದ ಅವರಿಗೆ ಏನೂ ಉಪಯೋಗವಿಲ್ಲ. ಉಪಯೋಗಕ್ಕೆ ಬರುವುದನ್ನು ಹೇಳೋಣ ಅಂದರೆ ಒಂದು ಟೀ ಸಾಲುವುದಿಲ್ಲ. ಅದಕ್ಕೇ ಒಂದು ಸಲ ಕೂತು ಬರೆದುಬಿಡೋಣ ಅನ್ನಿಸಿತು.

ನಾವು ಮಾಡಿದ್ದು ಕಲ್ಯಾಣ ಮಂಟಪಗಳ ವೆಬ್‌ಸೈಟು. ದಾವಣಗೆರೆ, ಹರಿಹರ, ಚಿತ್ರದುರ್ಗ, ಮೂರೂ ಊರಿನ ಛತ್ರಗಳು ಒಂದೇ ಕಡೆ. ಯಾವ ತಾರೀಕು ಖಾಲಿ ಇದೆ, ಬಾಡಿಗೆ ಎಷ್ಟು, ಒಳಗೆ ಹೇಗಿದೆ ಅಂತ ಮೊಬೈಲಿನಲ್ಲೇ ನೋಡಿ ಅಡ್ವಾನ್ಸ್ ಕಟ್ಟಿಬಿಡುವುದು. ನಾವು ಮೂವರು. ಒಬ್ಬ ಬೆಂಗಳೂರಿನ ಕೆಲಸ ಬಿಟ್ಟು ಬಂದವನು. ಒಬ್ಬಳು ವಿದ್ಯಾನಗರದ ಮನೆಯಲ್ಲೇ ಕೂತು ಕೋಡ್ ಬರೆಯುವವಳು. ಇನ್ನೊಬ್ಬ ನಾನು. ಬೈಕ್ ಇದ್ದದ್ದು ನನ್ನ ಹತ್ತಿರ, ಹಾಗಾಗಿ ಛತ್ರ ಸುತ್ತುವ ಕೆಲಸ ನನ್ನ ತಲೆಗೆ ಬಂತು. ದುಡ್ಡಿಗೆ ಮೂರೂ ಮನೆಯಲ್ಲಿ ಚೀಟಿ ಎತ್ತಿಸಿದೆವು. ಐಡಿಯಾ ಎಲ್ಲಿಂದ ಬಂತು ಅಂದರೆ ನಮ್ಮ ಅಕ್ಕನ ಮದುವೆಯಿಂದ. ಅಯ್ನೋರು ಬರೆದುಕೊಟ್ಟ ಮುಹೂರ್ತದ ಹಾಳೆ ಜೇಬಿನಲ್ಲಿಟ್ಟುಕೊಂಡು ಅಪ್ಪ ಪಿ.ಬಿ. ರಸ್ತೆ, ಹದಡಿ ರಸ್ತೆ ಅಂತ ಬಿಸಿಲಲ್ಲಿ ಅಲೆದಿದ್ದರು. ಹೋದಲ್ಲೆಲ್ಲ 'ನೋಡಿ ಹೇಳ್ತೀವಿ' ಅನ್ನುವ ಉತ್ತರ. ಖಾಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಇದರಲ್ಲಿ ನೋಡಿ ಹೇಳುವುದೇನಿದೆ ಅಂತ ಆಗ ಅನ್ನಿಸಿತ್ತು.

ಕೆಂಪು, ನೀಲಿ, ಪೆನ್ಸಿಲ್

ನೋಡಿ ಹೇಳುವುದು ಏನಿದೆ ಅಂತ ಗೊತ್ತಾಗಿದ್ದು ಹಳೇ ಊರಿನ ಕಡೆಯ ಒಂದು ಛತ್ರದಲ್ಲಿ. ಅಲ್ಲಿನ ಮ್ಯಾನೇಜರ್ ಅರವತ್ತು ದಾಟಿದವರು. ಮೊದಲು ಹತ್ತಿ ಗಿರಣಿಯಲ್ಲಿ ಕ್ಲರ್ಕ್ ಆಗಿದ್ದರಂತೆ. ಗಿರಣಿ ಮುಚ್ಚಿದ ಮೇಲೆ ಇಲ್ಲಿಗೆ ಬಂದು ಕೂತವರು. ಲೆಕ್ಕ ಅಂದರೆ ಕಟ್ಟುನಿಟ್ಟು. ಮೇಜಿನ ಮೇಲೆ ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ದಪ್ಪ ಡೈರಿ, ಅದರ ಬೆನ್ನಿಗೆ ರಬ್ಬರ್ ಬ್ಯಾಂಡ್ ಹಾಕಿ ಸಿಕ್ಕಿಸಿದ ಮೂರು ಪೆನ್ನು. ಮೂರು ಪೆನ್ನಲ್ಲ, ಎರಡು ಪೆನ್ನು ಒಂದು ಪೆನ್ಸಿಲ್. ಕೆಂಪಿನಲ್ಲಿ ಬರೆದಿದ್ದರೆ ಅಡ್ವಾನ್ಸ್ ಬಂದಿದೆ, ರಸೀದಿ ಹರಿದಾಗಿದೆ. ನೀಲಿ ಅಂದರೆ ದುಡ್ಡು ಬಂದಿಲ್ಲ, ಆದರೆ ಮಾತು ಕೊಟ್ಟವರು ಗೊತ್ತಿರುವ ಜನ. ಪೆನ್ಸಿಲ್ ಅಂದರೆ ಕೇಳಿ ಹೋಗಿದ್ದಾರೆ ಅಷ್ಟೇ.

ಒಂದು ತಾರೀಕಿನ ಪುಟದಲ್ಲಿ ಪೆನ್ಸಿಲ್ಲಿನಲ್ಲಿ ಎರಡು ಹೆಸರಿತ್ತು. ಒಂದರ ಕೆಳಗೊಂದು. ಎರಡನೆಯದರ ಪಕ್ಕ ಒಂದು ಚುಕ್ಕಿ. ನಾನು ಲ್ಯಾಪ್‌ಟಾಪ್ ತೆಗೆದು ಕೂತಿದ್ದೆ. 'ಇದು ಖಾಲಿನಾ, ಬುಕ್ಕಾ ಯಜಮಾನ್ರೇ?' ಅಂದೆ. ಕನ್ನಡಕ ಮೇಲೆ ಮಾಡಿ ಒಂದು ಗಳಿಗೆ ನೋಡಿದರು. 'ಎರಡೂ ಅಲ್ಲ ತಮ್ಮಾ' ಅಂದರು. ಮೇಲಿನ ಹೆಸರಿನವರಿಗೆ ಇನ್ನೂ ಹುಡುಗನ ಮನೆಯವರು ಪಕ್ಕಾ ಹೇಳಿಲ್ಲವಂತೆ. ಕೆಳಗಿನವರು ಸಮಾಜದ ಕಮಿಟಿಯಲ್ಲಿರುವವರ ಬೀಗರು. ಮೇಲಿನವರಿಗೆ ಇಲ್ಲ ಅನ್ನೋ ಹಂಗಿಲ್ಲ, ಮೊದಲು ಕೇಳಿದವರು. ಕೆಳಗಿನವರಿಗೂ ಇಲ್ಲ ಅನ್ನೋ ಹಂಗಿಲ್ಲ, ಯಾಕೆ ಅಂತ ಹೇಳಬೇಕಾಗಿಲ್ಲ. ಎರಡು ವಾರ ಹೀಗೇ ಬಿಟ್ಟರೆ ಒಂದು ಹೆಸರು ತಾನಾಗೇ ಅಳಿಸುತ್ತದೆ ಅಂತ ಅವರ ಅನುಭವ. ನಮ್ಮ ಡೇಟಾಬೇಸಿನಲ್ಲಿ ಆ ತಾರೀಕಿನ ಮುಂದೆ ಎರಡೇ ಆಯ್ಕೆ ಇತ್ತು. ಖಾಲಿ, ಇಲ್ಲವೇ ಬುಕ್.

ಅಷ್ಟರಲ್ಲಿ ಫೋನ್ ಬಂತು. ಯಾರೋ ಮಾಘ ಮಾಸದ ಒಂದು ತಾರೀಕು ಕೇಳಿದರು. ಇವರು ಡೈರಿ ತೆಗೆದರು, ಪುಟ ನನ್ನ ಕಣ್ಣೆದುರೇ ಇತ್ತು, ಒಂದಕ್ಷರ ಇರಲಿಲ್ಲ. 'ನೋಡಿ ಹೇಳ್ತೀನಿ, ಒಂದು ತಾಸು ಬಿಟ್ಟು ಮಾಡ್ರಿ. ಇಲ್ಲಾ ಈ ಕಡೆ ಬಂದ್ರೆ ಬಂದೇ ಹೋಗ್ರಿ' ಅಂದು ಇಟ್ಟರು. ನಾನು ಮುಖ ನೋಡಿದೆ. 'ಖಾಲಿ ಐತಿ ಅಂತ ಫೋನಲ್ಲೇ ಹೇಳಿದ್ರೆ ಇನ್ನೂ ನಾಕು ಕಡೆ ಕೇಳ್ತಾರೆ. ಬಂದು ಒಂದ್ಸಲ ಹಾಲ್ ನೋಡಿ, ಅಡುಗೆ ಮನೆ ನೋಡಿ, ಇಲ್ಲಿ ಕೂತು ಟೀ ಕುಡಿದ್ರೆ ಅಡ್ವಾನ್ಸ್ ಕೊಡ್ದೆ ಎದ್ದು ಹೋಗಲ್ಲ. ಇನ್ನು ನಿನ್ನ ಕಂಪ್ಯೂಟರ್‌ನಾಗೆ ತಿಂಗಳು ಪೂರ್ತಿ ಖಾಲಿ ಐತಿ ಅಂತ ಕಂಡ್ರೆ ನಾನು ಹೇಳಿದ ಬಾಡಿಗೆ ಯಾರು ಕೊಡ್ತಾರೆ, ನೀನೇ ಹೇಳು.'

ಹೇಳುವುದಕ್ಕೆ ನನ್ನ ಹತ್ತಿರ ಏನೂ ಇರಲಿಲ್ಲ. ಬೈಕ್ ಹತ್ತಿ ಬರುವಾಗ ಹಳೇ ಕಾಲದವರು, ಬದಲಾಗಲ್ಲ ಅಂತ ಗೊಣಗಿಕೊಂಡು ಬಂದೆ. ಆದರೆ ಆಮೇಲೆ ಯೋಚಿಸಿದಷ್ಟೂ ಅವರು ಹೇಳಿದ್ದರಲ್ಲಿ ಹಳೇ ಕಾಲದ್ದು ಏನೂ ಕಾಣಲಿಲ್ಲ. ವಿಮಾನದ ಟಿಕೆಟ್ ಮಾರುವವರು ಎಷ್ಟು ಸೀಟು ಖಾಲಿ ಇದೆ ಅಂತ ಪೂರ್ತಿ ಹೇಳುತ್ತಾರಾ? ನಾವು ಮಾಹಿತಿ ಸಿಗುತ್ತಿಲ್ಲ, ಅದನ್ನು ಒದಗಿಸೋಣ ಅಂದುಕೊಂಡು ಹೊರಟಿದ್ದೆವು. ಇಲ್ಲಿ ಮಾಹಿತಿ ಸಿಗದೆ ಇರುವುದೇ ಒಬ್ಬರ ಬಂಡವಾಳ.

ಇದರಲ್ಲಿ ಗಿರಾಕಿಯೇನು ಪಾಪದವನಲ್ಲ. ನಮ್ಮಪ್ಪನನ್ನೇ ಕೇಳಿದೆ. ಅವರೂ ಆಗ ಮೂರು ಛತ್ರದಲ್ಲಿ ಹೆಸರು ಬರೆಸಿ ಬಂದಿದ್ದರಂತೆ. ಬೀಗರು ಇನ್ನೂ ಊಟದ ಬಗ್ಗೆ, ಬಸ್ಸಿನ ಬಗ್ಗೆ ಏನೂ ಹೇಳಿರಲಿಲ್ಲ. ಮಾತುಕತೆ ನಡುವೆ ಮುರಿದರೆ? ಅಡ್ವಾನ್ಸ್ ಕಟ್ಟಿದ ಸುದ್ದಿ ಊರಿಗೆಲ್ಲ ಗೊತ್ತಾದ ಮೇಲೆ ಮದುವೆ ನಿಂತರೆ ಹೆಣ್ಣಿನ ತಂದೆಗೆ ದುಡ್ಡಿಗಿಂತ ಜಾಸ್ತಿ ಹೋಗುತ್ತದೆ. ಹಾಗಾಗಿ ಅವರಿಗೂ ಪೆನ್ಸಿಲ್ಲೇ ಬೇಕು. ನಾವು ಒಂದು ಗುಂಡಿ ಒತ್ತಿದರೆ ಬುಕ್ ಆಗುವ ಹಾಗೆ ಮಾಡಿಟ್ಟಿದ್ದೆವು. ಆ ಗುಂಡಿ ಒತ್ತುವ ಧೈರ್ಯ ಎರಡೂ ಕಡೆ ಯಾರಿಗೂ ಇರಲಿಲ್ಲ.

ಬಾಡಿಗೆಯ ಕಥೆಯೂ ಇದೇ. ನಮ್ಮಲ್ಲಿ ಬಾಡಿಗೆಗೆ ಒಂದು ಕಾಲಂ. ಸಮಾಜದ ಛತ್ರಗಳಲ್ಲಿ ಸಮಾಜದವರಿಗೆ ಒಂದು ದರ, ಹೊರಗಿನವರಿಗೆ ಒಂದು, ಕಟ್ಟಡಕ್ಕೆ ದೇಣಿಗೆ ಕೊಟ್ಟವರ ಮನೆಯವರಿಗೆ ಇನ್ನೊಂದು. ಅದರ ಮೇಲೆ ಪಾತ್ರೆ, ಜನರೇಟರಿನ ಡೀಸೆಲ್, ಕ್ಲೀನಿಂಗ್ ಬೇರೆ. ಕರೆಂಟಿಗೆ ಹೋಗುವಾಗ ಬರುವಾಗ ಮೀಟರ್ ನೋಡಿ ಬರೆದುಕೊಳ್ಳುತ್ತಾರೆ. ಬರೆದು ತೋರಿಸಿದ ಬಾಡಿಗೆಗೆ 18 ಪರ್ಸೆಂಟ್ ಜಿಎಸ್‌ಟಿ. ದೇವಸ್ಥಾನದ ಆವರಣದ ಛತ್ರವಾದರೆ ದಿನದ ಬಾಡಿಗೆ 10,000 ರೂಪಾಯಿಯ ಒಳಗಿದ್ದರೆ ವಿನಾಯಿತಿ ಉಂಟು. ಯಾವ ಮಾಲೀಕನಾದರೂ ಇಂಟರ್ನೆಟ್ಟಿನಲ್ಲಿ ಒಂದು ಸಂಖ್ಯೆ ಹಾಕಿ ಕೈ ಕಟ್ಟಿಸಿಕೊಳ್ಳುತ್ತಾನಾ? ಕೊನೆಗೆ ಆ ಕಾಲಂ ತೆಗೆದು 'ವಿಚಾರಿಸಿ' ಅಂತ ಹಾಕಿದೆವು. ಕೋಡ್ ಬರೆಯುವವಳು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಬಾಡಿಗೆ ಹುಡುಕುವ ಫಿಲ್ಟರ್ ಮಾಡಲು ಅವಳು ರಾತ್ರಿಯೆಲ್ಲ ಕೂತಿದ್ದಳು.

ಅಧಿಕ ಜ್ಯೇಷ್ಠ

ಸೈಟ್ ಶುರುವಾದದ್ದು 2018ರ ಏಪ್ರಿಲ್ ಕೊನೆಗೆ. ಬೇಸಿಗೆ ಅಂದರೆ ಮದುವೆ, ಅಷ್ಟು ಎಲ್ಲರಿಗೂ ಗೊತ್ತು. ಆ ವರ್ಷ ಮೇ 12ಕ್ಕೆ ವಿಧಾನಸಭೆ ಚುನಾವಣೆ. ಅದು ಮುಗಿಯಲಿ, ಜನ ಬರುತ್ತಾರೆ ಅಂತ ಕಾದೆವು. ಮುಗಿಯಿತು. ಮೇ 16ಕ್ಕೆ ಮದುವೆ ಮಾಡದ ಅಧಿಕ ಮಾಸ ಹಿಡಿಯಿತು. ಅಧಿಕ ಜ್ಯೇಷ್ಠ, ಜೂನ್ 13ರವರೆಗೆ. ಅದಾದ ಮೇಲೆ ನಿಜ ಜ್ಯೇಷ್ಠ ಒಂದು ತಿಂಗಳು. ಆಮೇಲೆ ಆಷಾಢ. ಅಜ್ಜಿ ಗೋಡೆಯ ಕ್ಯಾಲೆಂಡರ್ ತೋರಿಸಿ ನಗುತ್ತಿದ್ದಳು. ಇಂಗ್ಲಿಷ್ ಕ್ಯಾಲೆಂಡರ್ ನೋಡಿ ಮದುವೆ ವ್ಯಾಪಾರ ಶುರು ಮಾಡಿದವರನ್ನು ಅವಳು ಅದೇ ಮೊದಲು ನೋಡಿದ್ದು.

ಸ್ಟಾರ್ಟಪ್ ಬಗ್ಗೆ ಪಾಠ ಹೇಳುವವರೆಲ್ಲ ತಿಂಗಳಿಂದ ತಿಂಗಳಿಗೆ ಎಷ್ಟು ಬೆಳೆದಿರಿ ಅಂತ ಕೇಳುತ್ತಾರೆ. ನಮ್ಮ ವ್ಯಾಪಾರದಲ್ಲಿ ಆ ಲೆಕ್ಕಕ್ಕೆ ಅರ್ಥವೇ ಇಲ್ಲ. ಆಷಾಢದಲ್ಲಿ ಸೊನ್ನೆ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿವರೆಗೆ ಧನುರ್ಮಾಸ, ಮತ್ತೆ ಸೊನ್ನೆ. 2024ರಲ್ಲಂತೂ ಗುರು, ಶುಕ್ರ ಎರಡೂ ಅಸ್ತ ಅಂತ ಮೇ ತಿಂಗಳಲ್ಲಿ ಛತ್ರಗಳು ಬಿಕೋ ಅನ್ನುತ್ತಿದ್ದವು. ಸರ್ವರಿನವರಿಗೆ ಆಷಾಢ ಗೊತ್ತಿಲ್ಲ, ತಿಂಗಳಾದರೆ ಕಾರ್ಡಿನಿಂದ ದುಡ್ಡು ಕಡಿದುಕೊಳ್ಳುತ್ತಾರೆ. ಒಂದು ಸಲ ಬೆಂಗಳೂರಿನಲ್ಲಿ ಹೂಡಿಕೆ ಮಾಡುವವರ ಮುಂದೆ ನಿಂತು ನಮ್ಮ ಗ್ರಾಫ್ ತೋರಿಸುವ ಅವಕಾಶ ಸಿಕ್ಕಿತ್ತು. ಒಬ್ಬರು ಜುಲೈ ಮೇಲೆ ಬೆರಳಿಟ್ಟು 'ಇಲ್ಲೇನಾಯ್ತು?' ಅಂದರು. 'ಆಷಾಢ ಸಾರ್' ಅಂದೆ. ಅವರು ಬರೆದುಕೊಂಡರು. ಏನಂತ ಬರೆದುಕೊಂಡರೋ. ಮುಂದಿನ ಪ್ರಶ್ನೆ, ಬೆಂಗಳೂರಿಗೆ ಯಾವಾಗ ಶಿಫ್ಟ್ ಆಗ್ತೀರಿ ಅಂತ.

ಆದರೆ ಆಷಾಢಕ್ಕೂ ಒಂದು ಬೆಲೆ ಇದೆ. ಸೀಸನ್ನಿನಲ್ಲಿ ಛತ್ರದ ಮ್ಯಾನೇಜರ್ ಹತ್ತಿರ ಹೋದರೆ ಅವರಿಗೆ ಕೂರಲು ಪುರುಸೊತ್ತಿಲ್ಲ. ಅಡುಗೆಯವರು ಒಂದು ಕಡೆ ಗ್ಯಾಸ್ ಮುಗೀತು ಅಂತಾರೆ, ಶಾಮಿಯಾನದವನು ಇನ್ನೊಂದು ಕಡೆ ಏಣಿ ಕೇಳುತ್ತಾನೆ. ಆಷಾಢದಲ್ಲಿ ಸುಣ್ಣ ಬಣ್ಣ ನಡೆಯುತ್ತಿರುತ್ತದೆ, ಅವರು ಕುರ್ಚಿ ಹಾಕಿಕೊಂಡು ಬಾಗಿಲಲ್ಲಿ ಕೂತಿರುತ್ತಾರೆ. ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಹೋದರೆ ಸಂಜೆಯವರೆಗೂ ಮಾತು. ಯಾವ ಛತ್ರದ ಬೋರ್ ಏಪ್ರಿಲ್‌ನಲ್ಲಿ ಕೈ ಕೊಡುತ್ತದೆ, ಯಾವ ಅಡುಗೆಯವರು ಪಾತ್ರೆ ಕಪ್ಪು ಮಾಡಿ ಹೋಗುತ್ತಾರೆ, ಯಾವ ಮಾಲೀಕರ ಅಣ್ಣ ತಮ್ಮಂದಿರ ನಡುವೆ ಕೋರ್ಟು ಕೇಸಿದೆ, ನಮಗೆ ಈ ವ್ಯಾಪಾರದ ಬಗ್ಗೆ ಗೊತ್ತಿರುವುದೆಲ್ಲ ಹೆಚ್ಚುಕಡಿಮೆ ಆಷಾಢದಲ್ಲಿ ಗೊತ್ತಾದದ್ದು.

ಒಂದು ಪಂಕ್ತಿಗೆ ಎಷ್ಟು ಎಲೆ

ಸೈಟಿನಲ್ಲಿ ತಾರೀಕೂ ಇಲ್ಲ, ಬಾಡಿಗೆಯೂ ಇಲ್ಲ ಅಂದಮೇಲೆ ಉಳಿದದ್ದು ಫೋಟೋ ಮತ್ತು ಫೋನ್ ನಂಬರ್. ಅದು ಗೂಗಲ್ ಮ್ಯಾಪಿನಲ್ಲೇ ಪುಕ್ಕಟೆ ಸಿಗುತ್ತದೆ. ಕಮಿಷನ್ ಸಿಗಲಿ ಅಂತ ನಂಬರ್ ಮುಚ್ಚಿಟ್ಟು ನಮ್ಮ ಫೋನಿಗೇ ಕರೆ ಬರುವ ಹಾಗೆ ಮಾಡಿದೆವು. ಜನ ನಮಗೆ ಒಂದು ಸಲ ಮಾಡಿ ಛತ್ರದ ಹೆಸರು ತಿಳಿದುಕೊಂಡು ಗಾಡಿ ತಗೊಂಡು ಅಲ್ಲಿಗೇ ಹೋಗುತ್ತಿದ್ದರು. ದಾವಣಗೆರೆಯ ಈ ತುದಿಯಿಂದ ಆ ತುದಿಗೆ ಹೋಗಲು ಎಷ್ಟು ಹೊತ್ತು ಬೇಕು? ದೊಡ್ಡ ಊರಿನಲ್ಲಿ ಟ್ರಾಫಿಕ್ಕೇ ಇಂಥ ಸೈಟುಗಳನ್ನು ಸಾಕುತ್ತದೆ ಅಂತ ನನಗೆ ಈಗಲೂ ಅನ್ನಿಸುತ್ತದೆ. ಇಲ್ಲಿ ರೈಲ್ವೆ ಗೇಟ್ ಬಿದ್ದಿದ್ದರೆ ಮಾತ್ರ ಸ್ವಲ್ಪ ತಡ.

ಆ ಕರೆಗಳಿಂದ ಕಮಿಷನ್ ಬರಲಿಲ್ಲ. ಆದರೆ ಜನ ಏನು ಕೇಳುತ್ತಾರೆ ಅಂತ ಕಿವಿಗೆ ಬಿತ್ತು. ಹಾಲಿನಲ್ಲಿ ಎಷ್ಟು ಕುರ್ಚಿ ಅಂತ ಯಾರೂ ಕೇಳುತ್ತಿರಲಿಲ್ಲ, ನಾವು ಅದನ್ನೇ ದಪ್ಪ ಅಕ್ಷರದಲ್ಲಿ ಹಾಕಿದ್ದೆವು. ರಾತ್ರಿ ಹತ್ತಕ್ಕೆ ಜಗಳೂರು ಕಡೆಯಿಂದ ಒಬ್ಬರು ಫೋನ್ ಮಾಡಿ ಕೇಳಿದ್ದು, 'ಒಂದು ಪಂಕ್ತಿಗೆ ಎಷ್ಟು ಎಲೆ ಹಾಕ್ಬಹುದ್ರೀ?' ನಿಜ ತಾನೇ. ಸಾವಿರ ಜನ ಕೂರುವ ಹಾಲ್ ಇದ್ದು ಊಟದ ಮನೆಯಲ್ಲಿ ಇನ್ನೂರೇ ಎಲೆ ಅಂದರೆ ಐದು ಪಂಕ್ತಿ. ಕೊನೆಯ ಪಂಕ್ತಿಗೆ ಹಸಿದು ಕೂರುವವರು ಬೀಗರೇ ಆಗಿದ್ದರೆ ಮುಗಿಯಿತು, ಮೊಮ್ಮಕ್ಕಳ ಕಾಲಕ್ಕೂ ಆ ಮಾತು ಹೋಗಲ್ಲ. ಊಟದ ಮನೆ ಮೇಲಿದ್ದರೆ ಲಿಫ್ಟ್ ಇದೆಯಾ, ಹಳ್ಳಿಯಿಂದ ಬರುವ ಬಸ್ಸು ಒಳಗೆ ತಿರುಗುತ್ತದಾ, ಹಿಂದಿನ ದಿನ ಎಷ್ಟು ಹೊತ್ತಿಗೆ ಬೀಗ ಕೊಡುತ್ತಾರೆ. ನಾನು ಟೇಪು ಹಿಡಿದು ಊಟದ ಮನೆಗಳನ್ನು ಅಳೆದು, ಬೆಂಚು ಎಣಿಸಿ, ಎಲೆಯ ಲೆಕ್ಕ ಹಾಕಿದೆ. ಆ ಮಾಹಿತಿ ಕೊಡಲು ಯಾವ ಮಾಲೀಕರಿಗೂ ತಕರಾರಿರಲಿಲ್ಲ. ಜನ ಸೈಟನ್ನು ನಿಜವಾಗಿ ಓದಲು ಶುರು ಮಾಡಿದ್ದು ಆಮೇಲೆ. ಓದಿದರು, ದುಡ್ಡು ಕೊಡಲಿಲ್ಲ, ಅದು ಬೇರೆ ಮಾತು.

ಎಪ್ಪತ್ತು ಅಕ್ಷರ

ಇದನ್ನು ಇಂಜಿನಿಯರಿಂಗ್ ಹುಡುಗರಿಗಾಗಿ ಬರೆಯುತ್ತಿದ್ದೇನೆ, ಬೇರೆಯವರು ದಾಟಿಕೊಂಡು ಹೋಗಬಹುದು. ಗಿರಾಕಿಗೆ ಎಸ್ಸೆಮ್ಮೆಸ್ ಕನ್ನಡದಲ್ಲೇ ಹೋಗಬೇಕು ಅಂತ ನಮ್ಮ ಹಟ. ಇಂಗ್ಲಿಷಿನಲ್ಲಿ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರ. ಕನ್ನಡದಲ್ಲಿ 70. ಆ ಎಪ್ಪತ್ತೂ ನಾವು ಶಾಲೆಯಲ್ಲಿ ಕಲಿತ ಅಕ್ಷರವಲ್ಲ. ಕೊಂಬು, ಏತ್ವ, ಸೊನ್ನೆ, ಒತ್ತಿಗೆ ಹಾಕುವ ಚಿಹ್ನೆ ಎಲ್ಲಾ ಬೇರೆ ಬೇರೆ ಎಣಿಕೆ. 'ದಾವಣಗೆರೆ' ನಮಗೆ ಐದು ಅಕ್ಷರ, ಮೊಬೈಲ್ ಕಂಪನಿಗೆ ಎಂಟು. 'ಕಲ್ಯಾಣ ಮಂಟಪ' ಅಂದರೆ ನಡುವಿನ ಜಾಗ ಸೇರಿ ಹನ್ನೊಂದು. ಎಪ್ಪತ್ತು ದಾಟಿದರೆ ಸಂದೇಶ ತುಂಡಾಗುತ್ತದೆ, ಒಂದೊಂದು ತುಂಡಿಗೆ 67. ಛತ್ರದ ಹೆಸರು, ತಾರೀಕು, ಅಡ್ವಾನ್ಸ್ ಮೊತ್ತ ಹಾಕುವಷ್ಟರಲ್ಲಿ ಮೂರು ಎಸ್ಸೆಮ್ಮೆಸ್ಸಿನ ದುಡ್ಡು. ಮರ್ಯಾದೆಗೆ 'ಧನ್ಯವಾದಗಳು' ಅಂತ ಹಾಕಿದ್ದನ್ನು ಮೊದಲು ಕತ್ತರಿಸಿದೆವು.

2021ರ ಮಾರ್ಚ್ 8ಕ್ಕೆ ಟೆಲಿಕಾಂ ನಿಯಂತ್ರಕ ಸಂಸ್ಥೆ ಟ್ರಾಯ್‌ನ ಹೊಸ ನಿಯಮ ಬಿಗಿಯಾಗಿ ಜಾರಿಗೆ ಬಂತು. ಕಂಪನಿಗಳು ಕಳಿಸುವ ಸಂದೇಶದ ಒಕ್ಕಣೆ ಮೊದಲೇ ನೋಂದಾಯಿಸಿರಬೇಕು, ಒಂದು ಪದ ಆಚೀಚೆ ಆದರೂ ಹೋಗುವುದಿಲ್ಲ. ಆ ದಿನ ದೇಶದ ತುಂಬ ಬ್ಯಾಂಕಿನ ಓಟಿಪಿಗಳೇ ನಿಂತುಹೋಗಿ, ಟ್ರಾಯ್ ಒಂದು ವಾರ ನಿಯಮ ತಡೆಹಿಡಿಯಬೇಕಾಯಿತು. ಬ್ಯಾಂಕುಗಳಿಗೇ ಆ ಗತಿ ಅಂದಮೇಲೆ ನಮ್ಮದೇನು. ವಾಟ್ಸಾಪಿಗೆ ಹೋದೆವು. ಅದು ಮೊದಲೇ ಎಲ್ಲರ ಕೈಯಲ್ಲಿತ್ತು.

ಕಾಗದಪತ್ರದ್ದೂ ಒಂದು ಮಾತು. ಕಾಲೇಜಿನ ಯಾವುದೋ ಕಾರ್ಯಾಗಾರದಲ್ಲಿ ಕೇಳಿ ನಾವು ಪಾಲುದಾರರ ಹೊಣೆಗೆ ಮಿತಿ ಇರುವ ಸಂಸ್ಥೆ, ಅಂದರೆ ಎಲ್‌ಎಲ್‌ಪಿ ಮಾಡಿಕೊಂಡಿದ್ದೆವು. ಗಿರಾಕಿ ಇರಲಿ ಬಿಡಲಿ, ವರ್ಷದ ವರದಿಯ ಫಾರ್ಮ್ 11 ಮೇ 30ರೊಳಗೆ, ಲೆಕ್ಕಪತ್ರದ ಫಾರ್ಮ್ 8 ಅಕ್ಟೋಬರ್ 30ರೊಳಗೆ ಸಲ್ಲಿಸಬೇಕು. ಆಗ ತಡವಾದರೆ ಒಂದೊಂದಕ್ಕೆ ದಿನಕ್ಕೆ 100 ರೂಪಾಯಿ ದಂಡ, ಮಿತಿಯೇ ಇಲ್ಲ. 2022ರಲ್ಲಿ ಈ ಲೆಕ್ಕ ಬದಲಾಯಿತು. ಮಂಡಿಪೇಟೆಯ ನಮ್ಮ ಆಡಿಟರ್ ಕೇಳಿದ್ದು ಇಷ್ಟೇ: 'ಮೊದ್ಲು ದುಡ್ಡು ಬರೋದು ತೋರ್ಸ್ರಪ್ಪಾ, ಕಂಪನಿ ಆಮೇಲೆ ಮಾಡಣ. ಯಾಕ್ ಅವಸರ?' ಅವಸರಕ್ಕೆ ಕಾರಣ ವಿಸಿಟಿಂಗ್ ಕಾರ್ಡ್. ಅದನ್ನು ಅವರಿಗೆ ಹೇಳಲಿಲ್ಲ.

ಮತ್ತೆ ಡೈರಿ

2020ರ ಮಾರ್ಚ್ 25ಕ್ಕೆ ದೇಶವೇ ಬಂದ್ ಆಯಿತು. ಮದುವೆ ಸೀಸನ್ ಆಗಷ್ಟೇ ಶುರುವಾಗುವುದಿತ್ತು. ಆಮೇಲೆ ಮದುವೆಗೆ ಐವತ್ತೇ ಜನ ಅನ್ನುವ ನಿಯಮ ಬಂತು. ಐವತ್ತು ಜನಕ್ಕೆ ಛತ್ರ ಯಾಕೆ? ಮನೆ ಮುಂದೆ ಚಪ್ಪರ ಸಾಕು. ಅಡ್ವಾನ್ಸ್ ಕೊಟ್ಟವರೆಲ್ಲ ವಾಪಸ್ ಕೇಳಲು ಬಂದರು. ಕೆಲವರು ತಾರೀಕು ಮುಂದಕ್ಕೆ ಹಾಕಿಕೊಂಡರು, ಆ ತಾರೀಕೂ ಆಗಲಿಲ್ಲ, ಇನ್ನೊಂದಕ್ಕೆ ಹಾಕಿಕೊಂಡರು. ಕೆಂಪಿನಲ್ಲಿ ಬರೆದದ್ದಕ್ಕೆಲ್ಲ ಬಾಣದ ಗುರುತು, ಬಾಣದಿಂದ ಇನ್ನೊಂದು ಬಾಣ.

ಫೋನ್ ಮಾಡಿದ್ದು ಹಳೇ ಊರಿನ ಅದೇ ಮ್ಯಾನೇಜರ್. 'ತಮ್ಮಾ, ನಿಂದು ಆ ಕಂಪ್ಯೂಟರ್ ಇನ್ನೂ ಐತೇನು?' ಅವರಿಗೆ ಬೇಕಾದದ್ದು, ಯಾರು ಎಷ್ಟು ಕೊಟ್ಟಿದ್ದಾರೆ, ಎಷ್ಟು ವಾಪಸ್ ಹೋಗಿದೆ, ಯಾವ ತಾರೀಕಿನಿಂದ ಯಾವ ತಾರೀಕಿಗೆ ಹೋದರು, ಇಷ್ಟು ಒಂದು ಕಡೆ ಕಾಣಬೇಕು. ಕಮಿಟಿಯವರು ಲೆಕ್ಕ ಕೇಳುತ್ತಿದ್ದರು. ಹೊರಗಿನವರಿಗೆ ಏನೂ ಕಾಣಬಾರದು, ಅದನ್ನು ಎರಡೆರಡು ಸಲ ಹೇಳಿದರು.

ಕೋಡ್ ಬರೆಯುವವಳು ಸೈಟಿನ ಮುಂದಿನ ಭಾಗ ಪೂರ್ತಿ ಕಿತ್ತು ಬರೀ ಡೈರಿ ಉಳಿಸಿದಳು. ಮೊಬೈಲಿನಲ್ಲಿ ತೆರೆಯುವ ತಿಂಗಳ ಪುಟ. ಕೆಂಪು, ನೀಲಿ, ಬೂದು. ಬೂದಿನಲ್ಲಿ ಒಂದೇ ತಾರೀಕಿಗೆ ಎಷ್ಟು ಹೆಸರಾದರೂ ಬರೆಯಬಹುದು, ಪಕ್ಕದಲ್ಲಿ ಚುಕ್ಕಿಯನ್ನೂ ಇಡಬಹುದು. ಆ ಚುಕ್ಕಿ ಯಾಕೆ ಅಂತ ಸಾಫ್ಟ್‌ವೇರ್ ಕೇಳುವುದಿಲ್ಲ. ಅಡ್ವಾನ್ಸ್ ಬಂದರೆ ಕನ್ನಡದಲ್ಲಿ ರಸೀದಿ ವಾಟ್ಸಾಪಿಗೆ ಹೋಗುತ್ತದೆ. ಮೀಟರ್ ರೀಡಿಂಗ್ ಫೋಟೋ ತೆಗೆದಿಡಬಹುದು, ಹೋಗುವಾಗ ಜಗಳ ಕಡಿಮೆ. ಬೆಂಗಳೂರಿನ ಕೆಲಸ ಬಿಟ್ಟು ಬಂದವನಿಗೆ ಇದು ರುಚಿಸಲಿಲ್ಲ. ಊರಿನ ಮದುವೆಗಳನ್ನೇ ಬದಲಾಯಿಸಲು ಹೊರಟವರು ಡೈರಿ ಮಾರುವುದಕ್ಕೆ ಬಂದು ನಿಂತೆವಲ್ಲ ಅಂದ. ಅವನು ಮತ್ತೆ ಕೆಲಸಕ್ಕೆ ಹೋದ, ಚೆನ್ನಾಗಿದ್ದಾನೆ. ಅವನ ಮಾತು ಸುಳ್ಳೂ ಅಲ್ಲ. ನನಗೆ ಮಾತ್ರ ಡೈರಿ ಸಣ್ಣದು ಅಂತ ಅನ್ನಿಸಿಲ್ಲ. ಛತ್ರದ ಪೂರ್ತಿ ವ್ಯವಹಾರ ಅದರಲ್ಲೇ ಇದೆ.

ದರ ನಿಗದಿ ಮಾಡುವಾಗ ಮೊದಲು ತಿಂಗಳಿಗೆ ಇಷ್ಟು ಅಂತ ಇಟ್ಟಿದ್ದೆವು, ಎಲ್ಲ ಕಡೆ ಹಾಗೇ ಇರುತ್ತದೆ ಅಂತ. ಒಬ್ಬರೂ ತಿಂಗಳ ಲೆಕ್ಕದಲ್ಲಿ ಕೊಡಲಿಲ್ಲ. ಈಗ ವರ್ಷಕ್ಕೊಂದೇ ಬಿಲ್. ಅದನ್ನೂ ಮೊದಲು ಆಷಾಢದಲ್ಲಿ ಕೊಟ್ಟು ನೋಡಿದೆವು, ಪುರುಸೊತ್ತಾಗಿರುತ್ತಾರಲ್ಲ ಅಂತ. 'ಸೀಸನ್ ಬರ್ಲಿ ತಮ್ಮಾ' ಅಂದರು. ಈಗ ಯುಗಾದಿ ಕಳೆದು ಮೊದಲ ದೊಡ್ಡ ಮದುವೆ ಮುಗಿದ ಮಾರನೇ ದಿನ ಹೋಗುತ್ತೇನೆ. ಪಾತ್ರೆ ಎಣಿಸಿ, ಬಾಕಿ ಬಾಡಿಗೆ ಗಲ್ಲಾಪೆಟ್ಟಿಗೆಗೆ ಬಂದಿರುತ್ತದೆ. ಹಳೇ ಊರಿನ ಯಜಮಾನರು ಮಾತ್ರ ಫೋನ್‌ಪೇ ಮಾಡುವುದಿಲ್ಲ, ನೋಟು ಎಣಿಸಿ ಕೊಡುತ್ತಾರೆ. ಕೊಡುವ ಮೊದಲು ಪ್ರತಿ ವರ್ಷ ಸ್ವಲ್ಪ ಚೌಕಾಸಿ ಇದ್ದೇ ಇರುತ್ತದೆ. ಸಮಾಜದವರ ದರ ನಮಗೆ ಇಲ್ವೇನು ಅಂತ ಕೇಳುತ್ತಾರೆ.